ತನ್ನ ನಾಡಿಯನ್ನು ತಾನೇ ನೋಡಿಕೊಳ್ಳುವ ನೌಕೆ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಕೃಷ್ಣೆಯ ದಂಡೆಯಲ್ಲಿ, ನಿಪ್ಪಾಣಿಯ ಕಡೆ ವೇದಗಂಗೆಯ ದಂಡೆಯಲ್ಲಿ ನೀರೆತ್ತುವ ಪಂಪುಗಳಿವೆ. ಕಬ್ಬಿನ ಹೊಲ ಎಲ್ಲಿಯೋ, ಯಂತ್ರ ಎಲ್ಲಿಯೋ. ನಡುರಾತ್ರಿಯಲ್ಲಿ ಮೂರು ಫೇಜುಗಳಲ್ಲಿ ಒಂದು ತಪ್ಪಿದರೆ, ಒಡೆಯ ಬಂದು ತಲುಪುವಷ್ಟರಲ್ಲಿ ಮೋಟಾರು ಸುಟ್ಟುಹೋಗಬಹುದು. ಆದುದರಿಂದಲೇ ಸ್ಟಾರ್ಟರಿನ ಜೊತೆಗೆ ಸಿಂಗಲ್ ಫೇಜ್ ಪ್ರಿವೆಂಟರ್ ಎಂಬ ಕಾವಲುಗಾರನನ್ನು ಇರಿಸುತ್ತಾರೆ. ಅದು ಯಾರ ಅಪ್ಪಣೆಗೂ ಕಾಯದೆ ಮೋಟಾರನ್ನು ನಿಲ್ಲಿಸುತ್ತದೆ.

ಕೇಳುಗರೇ, ಅಂತರಿಕ್ಷ ನೌಕೆಯಲ್ಲಿರುವುದೂ ಇಂಥದೇ ಕಾವಲು. ಆದರೆ ಅದರ ವಿವೇಚನೆ ಇನ್ನೂ ವಿಸ್ತಾರವಾದುದು. ನೌಕೆಯ ಗಣಕವು ಪ್ರತಿ ಅಂಗದ ಶಾಖ, ಒತ್ತಡ, ವಿದ್ಯುತ್ತುಗಳನ್ನು ಸದಾ ಅಳೆದು, ಇರಬೇಕಾದ ಅಳತೆಯೊಡನೆ ಹೋಲಿಸುತ್ತದೆ. ಅಳೆಯುವ ಸಾಧನವೇ ಕೆಟ್ಟಿರಬಹುದಾದ್ದರಿಂದ ಒಂದರ ಸಾಕ್ಷ್ಯವನ್ನು ಇನ್ನೊಂದರಿಂದ ಪರೀಕ್ಷಿಸುತ್ತದೆ. ದೋಷ ಖಚಿತವಾದರೆ ಆ ಅಂಗವನ್ನು ಬೇರ್ಪಡಿಸಿ, ಬದಲಿ ಅಂಗಕ್ಕೆ ಕೆಲಸ ಒಪ್ಪಿಸುತ್ತದೆ. ತನಗೆ ಬಗೆಹರಿಯದ ತೊಡಕಾದರೆ ಅನಗತ್ಯ ಉಪಕರಣಗಳನ್ನು ಆರಿಸಿ, ಸೂರ್ಯನತ್ತ ಮುಖಮಾಡಿ, ಭೂಮಿಯ ಮಾತಿಗಾಗಿ ಕಾಯುತ್ತದೆ.

ನಮ್ಮ ಮಂಗಳಯಾನದಲ್ಲಿಯೇ ಇದರ ನಿದರ್ಶನವುಂಟು. 2013ರ ನವೆಂಬರ್ 11ರಂದು ನೌಕೆಯ ಕಕ್ಷೆಯನ್ನು ಸುಮಾರು 1 ಲಕ್ಷ ಕಿಲೋಮೀಟರಿಗೆ ಏರಿಸಬೇಕಾಗಿತ್ತು. ಕವಾಟದ ಮುಖ್ಯ ಸುರುಳಿ, ಬದಲಿ ಸುರುಳಿಗಳೆರಡನ್ನೂ ಒಟ್ಟಿಗೆ ಚಾಲನೆಗೊಳಿಸಿ ನೋಡಿದಾಗ ಎಂಜಿನಿಗೆ ಹರಿಯುತ್ತಿದ್ದ ಇಂಧನ ನಿಂತುಹೋಯಿತು. ನೌಕೆಯೊಳಗಿನ ತರ್ಕವ್ಯವಸ್ಥೆ ನೂಕುಬಲದ ಕೊರತೆಯನ್ನು ಗುರುತಿಸಿ, ಸಣ್ಣ ನೂಕುಯಂತ್ರಗಳಿಂದ ಕಾರ್ಯವನ್ನು ಮುಂದುವರಿಸಿತು. ಎತ್ತರ 78,276 ಕಿಲೋಮೀಟರಿಗೇ ನಿಂತಿತಾದರೂ ನೌಕೆ ಉಳಿಯಿತು. ಮರುದಿನ ಬೆಂಗಳೂರಿನ ವಿಜ್ಞಾನಿಗಳು ಕೊರತೆಯನ್ನು ತುಂಬಿಸಿದರು.

2014ರ ಸೆಪ್ಟೆಂಬರ್ 24ರ ಪರೀಕ್ಷೆ ಇನ್ನೂ ಕಠಿಣ. ಮಂಗಳನ ಕಕ್ಷೆಯನ್ನು ಸೇರಲು ಎಂಜಿನು ಸುಮಾರು 23 ನಿಮಿಷ ಉರಿಯಬೇಕು. ಅಲ್ಲಿಂದ ಸುದ್ದಿ ಬರುವುದಕ್ಕೇ 12 ನಿಮಿಷಕ್ಕೂ ಮಿಕ್ಕಿ ಬೇಕು. ಆದೇಶ ಹೋಗುವುದಕ್ಕೆ ಮತ್ತಷ್ಟೇ. ನಡುವೆ ನೌಕೆ ಗ್ರಹದ ಮರೆಗೂ ಸರಿಯುತ್ತದೆ. ದಂಡೆಯ ಪಂಪಿಗೆ ನಿಲ್ಲುವುದೇ ಕ್ಷೇಮ. ಈ ಗಳಿಗೆಯಲ್ಲಿ ನಿಂತ ನೌಕೆಯಾದರೋ ಮಂಗಳನನ್ನು ದಾಟಿ ಶೂನ್ಯಕ್ಕೆ ಸಾಗಿಹೋಗುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ನೋವು ನುಂಗಿ ನಡೆಯಬೇಕು ಎಂಬ ವಿವೇಕವನ್ನು ಮನುಷ್ಯನೇ ಮುಂಚಿತವಾಗಿ ಯೋಚಿಸಿ ಯಂತ್ರದಲ್ಲಿ ಬರೆದಿಡಬೇಕು.

ಆರು ತಿಂಗಳ ಬಾಳಿಗೆಂದು ರೂಪಿಸಿದ್ದ ಆ ನೌಕೆ 2022ರವರೆಗೆ ಬದುಕಿತು. ಆ ವರ್ಷ ದೀರ್ಘ ಗ್ರಹಣದ ಬಳಿಕ ಅದರ ದನಿ ಮರಳಿ ಕೇಳಲಿಲ್ಲ. ರೋಗವನ್ನರಿಯುವುದು ಒಂದು, ಮದ್ದು ಕೈಯಲ್ಲಿರುವುದು ಮತ್ತೊಂದು. ಯಂತ್ರದ ಸ್ವಾವಲಂಬನೆಗೆ ನಮ್ಮ ಮುಂದಾಲೋಚನೆಯೇ ಮೇರೆ.