ಗೋಡೆಗೆ ಸೀಲನ್ ಹಿಡಿದಾಗ

ದೆಹಲಿಯ ಸರೋಜಿನಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸ್‌ಗಳಲ್ಲಿ ಸಂಸಾರ ಮಾಡಿದ ಕನ್ನಡದವರಿಗೆ ‘ಸೀಲನ್’ ಎಂಬ ಹಿಂದಿ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆಯ ಬುಡದಿಂದ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿ, ಗಾರೆ ಉದುರಿ, ಬಿಳಿ ಉಪ್ಪು ಅರಳುವ ರೋಗ ಅದು. 2016ರಲ್ಲಿ ಕೇಂದ್ರ ಸಂಪುಟ ಮರುನಿರ್ಮಾಣಕ್ಕೆ ಒಪ್ಪಿದ ಏಳು ಕಾಲೊನಿಗಳಲ್ಲಿ ಸರೋಜಿನಿ ನಗರವೂ ಒಂದು. ಸಾಲು ಸಾಲು ಮನೆಗಳು ನೆಲಕ್ಕುರುಳಿದವು. ಆದರೆ ಅಂಥ ಇಟ್ಟಿಗೆ ಗೋಡೆಗಳು ದೆಹಲಿಯಲ್ಲೂ ನಮ್ಮ ಮೈಸೂರು, ಧಾರವಾಡಗಳಲ್ಲೂ ಇನ್ನೂ ನಿಂತಿವೆ.

ದೀಪದ ಬತ್ತಿ ಎಣ್ಣೆ ಹೀರುವಂತೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ನೆಲದ ನೀರನ್ನು ಮೇಲಕ್ಕೆಳೆಯುತ್ತವೆ. ಅದನ್ನು ತಡೆಯಲೆಂದೇ ತಳಪಾಯದ ಮೇಲೆ ತೇವ ತಡೆಯುವ ಪದರ ಹಾಕುತ್ತಾರೆ. ಮೇಸ್ತ್ರಿಗಳ ಬಾಯಲ್ಲಿ ಅದು ಡಿಪಿಸಿ. ವರ್ಷಗಳುದ್ದಕ್ಕೂ ಅಂಗಳಕ್ಕೆ ಮಣ್ಣು, ಕಾಂಕ್ರೀಟು ಸುರಿದು ಹೊರನೆಲ ಡಿಪಿಸಿಯನ್ನು ದಾಟಿತೆಂದರೆ ನೀರಿಗೆ ದಾರಿ ತೆರೆದಂತೆ. ನೀರು ಆರಿದರೂ ಅದು ಹೊತ್ತು ತಂದ ಉಪ್ಪು ಉಳಿಯುತ್ತದೆ. ಆ ಉಪ್ಪು ಗಾಳಿಯ ಪಸೆಯನ್ನೂ ಎಳೆದುಕೊಳ್ಳುವುದರಿಂದ ಜುಲೈ ಬಂತೆಂದರೆ ಗೋಡೆ ಮತ್ತೆ ಒದ್ದೆ.

ಎಲ್ಲ ತೇವವೂ ನೆಲದಿಂದ ಬಂದದ್ದಲ್ಲ. ಅಂಗೈಯಗಲದ ಅಲ್ಯೂಮಿನಿಯಂ ಹಾಳೆಯನ್ನು ಗೋಡೆಗಿಟ್ಟು, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಎರಡು ದಿನ ಬಿಡಿ. ಹನಿಗಳು ಕೋಣೆಯ ಕಡೆ ಮೂಡಿದರೆ ಕೂಲರಿನ ಹಸಿಗಾಳಿ ಕಾರಣವಿರಬಹುದು. ಹಾಳೆಯ ಹಿಂದೆ ಮೂಡಿದರೆ ಗೋಡೆಯೇ ನೀರು ಕುಡಿದಿದೆ. ಬಚ್ಚಲು ಪಕ್ಕದಲ್ಲಿದ್ದರೆ ಮೊದಲು ಪೈಪು ನೋಡಿಸಿ.

ದುರಸ್ತಿಯಲ್ಲೇ ಹಲವರು ಎಡವುವುದು: ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಆಯಿಲ್ ಪೇಂಟ್ ಬಳಿಸುತ್ತಾರೆ. ಹೊರಬರಲಾರದ ನೀರು ಇನ್ನಷ್ಟು ಮೇಲೇರುತ್ತದೆ. ಮೊಣಕಾಲಿನ ರೋಗ ಸೊಂಟಕ್ಕೇರುತ್ತದೆ.

ಮೊದಲು ಹೊರಗಿನ ಮಣ್ಣನ್ನು ಡಿಪಿಸಿಗಿಂತ 15 ಸೆಂಟಿಮೀಟರ್ ಕೆಳಗಿಳಿಸಿ, ನೀರು ಗೋಡೆಯಿಂದಾಚೆ ಹರಿಯುವಂತೆ ಇಳಿಜಾರು ಮಾಡಿಸಿ. ಡಿಪಿಸಿಯೇ ಒಡೆದಿದ್ದರೆ ಕೆಳವರಸೆಯಲ್ಲಿ ತೂತು ಕೊರೆದು ನೀರುನಿರೋಧಕ ರಾಸಾಯನಿಕ ತುಂಬಿಸಬೇಕಾದೀತು. ಆಮೇಲೆ ಒದ್ದೆಯ ಗುರುತಿಗಿಂತ ಒಂದಡಿ ಮೇಲಿನವರೆಗೆ ಗಾರೆ ಕೆತ್ತಿಸಿ. ಉಪ್ಪನ್ನು ಒಣ ಬ್ರಷ್ಷಿನಿಂದಲೇ ಉಜ್ಜಿ ತೆಗೆಯಿರಿ. ತೊಳೆದರೆ ಕರಗಿ ಮತ್ತೆ ಒಳಸೇರುತ್ತದೆ. ಏಪ್ರಿಲ್‌ನಲ್ಲಿ ಕೆತ್ತಿಸಿದರೆ ದೆಹಲಿಯ ‘ಲೂ’ ಎಂಬ ಬಿಸಿ ಒಣಗಾಳಿಯೇ ಗೋಡೆಯನ್ನು ಒಣಗಿಸುತ್ತದೆ. ಆತುರ ಬೇಡ: ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಹಳೆಯ ಲೆಕ್ಕ. ಕೊನೆಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ, ವಾರವಿಡೀ ಒದ್ದೆ ಗೋಣಿಯ ಹೊದಿಕೆ, ಮೇಲೆ ಬರೀ ಸುಣ್ಣ. ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ.

ಗುತ್ತಿಗೆದಾರ ವಾಟರ್‌ಪ್ರೂಫ್ ಡಬ್ಬಿ ತೆರೆಯುವ ಮೊದಲು ಗೋಡೆಯ ಪಕ್ಕದ ಮಣ್ಣು ಅಗೆಸಿ, ಡಿಪಿಸಿ ಎಲ್ಲಿದೆಯೆಂದು ನೀವೇ ಕಣ್ಣಾರೆ ನೋಡಿ.