ಹೊಲಿಯುವ ಮೊದಲು ಬಿಚ್ಚಲು ಕಲಿಯೋಣ

ಶಅಬಾನ್ ತಿಂಗಳು ಅರ್ಧ ಕಳೆಯಿತೆಂದರೆ ಶ್ರೀರಂಗಪಟ್ಟಣದ ಟೈಲರ್ ಅಂಗಡಿಗಳಲ್ಲಿ ಹೊಸ ಬಟ್ಟೆ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾರೆ. "ಈದ್‌ಗೆ ಆಗಲ್ಲಮ್ಮ, ಆಮೇಲೆ ತನ್ನಿ" ಅಂತಾರೆ. ಹೊಸ ಬಟ್ಟೆಗೇ ಹೀಗೆ. ಇನ್ನು ಹಳೆ ಕುರ್ತಾದ ಪಕ್ಕ ಬಿಗಿ ಮಾಡಿಕೊಡಿ, ಹುಡುಗನ ಪ್ಯಾಂಟಿನ ಮಡಿಕೆ ಬಿಚ್ಚಿ ಒಂದಿಂಚು ಇಳಿಸಿಕೊಡಿ ಎಂದು ಹೋದರೆ ತಲೆ ಎತ್ತಿಯೂ ನೋಡುವುದಿಲ್ಲ. ಅವರದ್ದು ತಪ್ಪು ಎನ್ನಲಾಗದು. ಆಲ್ಟರೇಶನ್ ಕೆಲಸದಲ್ಲಿ ಹೊಲಿಯುವುದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ಹೊತ್ತು ಬೇಕು. ಆ ಹೊತ್ತಿಗೆ ಕೂಲಿ ಕೇಳಿದರೆ ಗಿರಾಕಿಗೆ ಸಿಟ್ಟು ಬರುತ್ತದೆ.

ಹಾಗಾಗಿ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಕಂಕುಳಲ್ಲಿ ಒಂದು ಹೊಲಿಗೆ ಬಿಟ್ಟ ಚೂಡಿದಾರ್, ಉದ್ದ ಸಾಲದ ಪ್ಯಾಂಟು, ಗುಂಡಿ ಹೋದ ಅಂಗಿ ಎಲ್ಲವೂ ಕಪಾಟಿನ ಕೆಳಗಿನ ಅರೆಯಲ್ಲಿ ಗಂಟಾಗಿ ಕೂರುತ್ತವೆ. ಹಬ್ಬಕ್ಕೆ ಮತ್ತೆ ಹೊಸದು. ತಿಂಗಳ ಸಂಬಳದಲ್ಲಿ ನಡೆಯುವ ಮನೆಗೆ, ಅದರಲ್ಲೂ ಮೂರ್ನಾಲ್ಕು ಮಕ್ಕಳಿರುವಲ್ಲಿ, ಇದು ಸಣ್ಣ ಮಾತಲ್ಲ.

ನಾವು ದರ್ಜಿಗಳಲ್ಲ, ಮದ್ರಸದಲ್ಲಿ ಕಲಿಸುವವರು. ಊರು ಬಿಟ್ಟು ಈ ಕಡೆಗೆ ಬಂದು ಹನ್ನೆರಡು ವರ್ಷವಾಯಿತು. ಹೊಲಿಗೆ ಕಲಿತದ್ದು ಊರಲ್ಲಿ, ಉಮ್ಮನ ಪಕ್ಕ ಕೂತು. ಅಜ್ಜಿಯ ಕಾಲದ ತುಣಿ, ಕುಪ್ಪಾಯಗಳನ್ನು ಬಿಚ್ಚಿ ಉಮ್ಮ ನಮಗೆಲ್ಲ ಲಂಗ, ತೊಟ್ಟಿಲಿನ ಬಟ್ಟೆ, ದಿಂಬಿನ ಚೀಲ ಮಾಡಿದವರು. ಇಲ್ಲಿಗೆ ಬಂದ ಮೇಲೆ, ಮಧ್ಯಾಹ್ನದ ಊಟ ಮುಗಿದು ಅಸರ್ ಬಾಂಗಿನವರೆಗೆ ವಾರಕ್ಕೆರಡು ದಿನ, ಒಂದು ಕಾಲು ಮಿಷನ್ ಇಟ್ಟುಕೊಂಡು ಗೊತ್ತಿದ್ದಷ್ಟು ಹೇಳಿಕೊಡಲು ಶುರು ಮಾಡಿದೆವು. ಶ್ರೀರಂಗಪಟ್ಟಣ, ಪಾಂಡವಪುರದವರು ಹೆಚ್ಚು. ಶಾಲೆಗೆ ರಜೆ ಇದ್ದಾಗ ಕೆ.ಆರ್.ಪೇಟೆ, ನಾಗಮಂಗಲದ ಕಡೆಯಿಂದಲೂ ಬರುತ್ತಾರೆ. ಮಂಗಳೂರು ಬಸ್ಸಲ್ಲಿ ಬೆಳ್ಳೂರು ಕ್ರಾಸ್ ದಾಟುವ ನಮ್ಮ ಬ್ಯಾರಿಗಳಿಗೆ ಈ ಊರುಗಳು ಹೆದ್ದಾರಿಯ ಬೋರ್ಡುಗಳಲ್ಲಿ ಮಾತ್ರ ಗೊತ್ತು. ಆದರೆ ಇಲ್ಲಿಯೂ ಅಂಗಡಿ, ಹೋಟೆಲು ಇಟ್ಟುಕೊಂಡ ನಮ್ಮವರಿದ್ದಾರೆ. ಉರ್ದು ಮಾತಾಡುವ ಇಲ್ಲಿನ ಹೆಣ್ಣುಮಕ್ಕಳು ನಮ್ಮನ್ನು 'ಆಪಾ' ಎನ್ನುತ್ತಾರೆ.

ಮಂಡ್ಯ ಜಿಲ್ಲೆಯಲ್ಲಿ ಹೊಲಿಗೆ ಗೊತ್ತಿಲ್ಲದ ಊರಿಲ್ಲ ಎನ್ನಬಹುದು, ಏಕೆಂದರೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಊರೂರಲ್ಲೂ ಇದ್ದಾರೆ. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಶ್ರೀರಂಗಪಟ್ಟಣದಲ್ಲಿದ್ದ ಗೋಕುಲದಾಸ್ ಎಕ್ಸ್‌ಪೋರ್ಟ್ಸ್‌ನ ಕಾರ್ಖಾನೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸ ಹೋದದ್ದು, ಅವರು ವಾರಗಟ್ಟಲೆ ಗೇಟಿನ ಮುಂದೆ ಕೂತದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಅವರು ಹೊಲಿಯುತ್ತಿದ್ದದ್ದು ಎಚ್ ಅಂಡ್ ಎಂ ಎಂಬ ವಿದೇಶಿ ಕಂಪೆನಿಯ ಬಟ್ಟೆ. ಆಗ ನಮ್ಮಲ್ಲಿ ಅನೇಕರು ಕೇಳಿದ್ದೆವು: ಕೈಯಲ್ಲಿ ಹೊಲಿಗೆ ಇದೆಯಲ್ಲ, ಮನೆಯಲ್ಲೇ ಮಿಷನ್ ಹಾಕಿಕೊಳ್ಳಬಾರದೇ ಎಂದು. ಎಷ್ಟು ಹಗುರವಾಗಿ ಕೇಳಿದ್ದೆವು ಎಂಬುದು ತಿಳಿದದ್ದು ಆಮೇಲೆ.

ಬೇರೊಂದು ಫ್ಯಾಕ್ಟರಿಯಲ್ಲಿ ಎಂಟು ವರ್ಷ ದುಡಿದು ಬಿಟ್ಟ ಸಹೋದರಿಯೊಬ್ಬರು ನಮ್ಮ ಕ್ಲಾಸಿಗೆ ಬಂದರು. ಮಿಷನ್ ಮೇಲೆ ಕೂತರೆ ನಮ್ಮನ್ನೇ ನಾಚಿಸುವ ವೇಗ. ಮಗಳಿಗೊಂದು ಫ್ರಾಕ್ ಹೊಲಿಯಿರಿ ಎಂದರೆ ಕೈ ಕಟ್ಟಿ ಕೂತರು. "ಆಪಾ, ನಂಗೆ ಕಾಲರ್ ಮಾತ್ರ ಬರೋದು." ಫ್ಯಾಕ್ಟರಿಯ ಲೈನಿನಲ್ಲಿ ಒಂದು ಅಂಗಿ ಹತ್ತಾರು ಕೈ ದಾಟುತ್ತದೆ. ಒಬ್ಬರಿಗೆ ಕಾಲರ್, ಒಬ್ಬರಿಗೆ ಕಫ್, ಒಬ್ಬರಿಗೆ ಜೇಬು. ಕತ್ತರಿಸುವವರು ಬೇರೆಯೇ. ಎಂಟು ವರ್ಷದಲ್ಲಿ ಎಷ್ಟು ಸಾವಿರ ಕಾಲರ್ ಹೊಲಿದರೋ, ಒಂದು ಇಡೀ ಅಂಗಿ ಅವರ ಕೈಯಿಂದ ಹೊರಬಂದಿಲ್ಲ.

ಅವರಿಗೆ ನಾವು ಹೊಸ ಬಟ್ಟೆ ಕೊಡಲಿಲ್ಲ. ಗಂಡನ ಹಳೆಯ ಅಂಗಿ ತರಲು ಹೇಳಿ, ಪೂರ್ತಿ ಬಿಚ್ಚಿ ಎಂದೆವು. ನಮ್ಮಲ್ಲಿ ಹೊಸದಾಗಿ ಬರುವ ಎಲ್ಲರಿಗೂ ಈಗ ಇದೇ ಮೊದಲ ಪಾಠ.

ಬಿಚ್ಚುವುದಕ್ಕೂ ಕ್ರಮವಿದೆ. ಎಳೆದು ಹರಿಯಬಾರದು. ಅರ್ಧ ಬ್ಲೇಡು ಅಥವಾ ಚೂಪಾದ ಸಣ್ಣ ಕತ್ತರಿ ಸಾಕು, ಅಂಗಡಿಯಲ್ಲಿ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯೂ ಸಿಗುತ್ತದೆ. ಬಟ್ಟೆಯ ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೊಂದರಂತೆ ದಾರ ಕತ್ತರಿಸುತ್ತಾ ಹೋಗಿ. ಆಮೇಲೆ ಬಟ್ಟೆ ತಿರುಗಿಸಿ ಇನ್ನೊಂದು ಬದಿಯ ದಾರ ಎಳೆದರೆ ಉದ್ದಕ್ಕೆ ಬಂದುಬಿಡುತ್ತದೆ. ಮಿಷನ್ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಒಂದರ ಹಿಡಿತ ತಪ್ಪಿಸಿದರೆ ಇನ್ನೊಂದು ತಾನಾಗಿ ಬಿಡುತ್ತದೆ. ಯಾವ ಭಾಗ ಕೊನೆಗೆ ಹೊಲಿದದ್ದೋ ಅದನ್ನು ಮೊದಲು ಬಿಚ್ಚಿ: ಕೆಳಗಿನ ಮಡಿಕೆ, ಪಕ್ಕ, ತೋಳು, ಕೊರಳು, ಕೊನೆಗೆ ಹೆಗಲು. ಬಿಚ್ಚಿದ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಅದನ್ನೇ ಕೆಳಗಿನಿಂದ ಮೇಲೆ ಓದಿದರೆ ಹೊಲಿಯುವ ಕ್ರಮ ಸಿಕ್ಕಿತು.

ತುಂಡುಗಳಿಗೆ ಇಸ್ತ್ರಿ ಹಾಕಿ, ಹಳೆ ಪೇಪರಿನ ಮೇಲೆ ಹರಡಿ ಸುತ್ತಲೂ ಗೆರೆ ಎಳೆಯಿರಿ. ನಿಮ್ಮ ಮನೆಯವರ ಮೈಗೆ ಸರಿಹೊಂದುವ ಕಟಿಂಗ್ ಕೈಗೆ ಬಂತು. ಮುಂಭಾಗದ ತೋಳಿನ ಗುಂಡಿ ಹಿಂಭಾಗಕ್ಕಿಂತ ಸ್ವಲ್ಪ ಹೆಚ್ಚು ಒಳಕ್ಕೆ ಬಾಗಿರುವುದು ಆಗ ಕಣ್ಣಿಗೆ ಬೀಳುತ್ತದೆ. ಪುಸ್ತಕ ನೋಡಿ, ಮೊಬೈಲಿನಲ್ಲಿ ವೀಡಿಯೊ ನೋಡಿ ಇದನ್ನು ತಿಳಿಯುವುದು ಕಷ್ಟ. ನಮ್ಮ ಕಾಲರ್ ಸಹೋದರಿ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ ಹೇಳಿದ್ದು: "ಎಂಟು ವರ್ಷ ಅಂಗಿ ಹೊಲ್ದಿದೀನಿ, ತೋಳು ಹೆಂಗೆ ಕೂರುತ್ತೆ ಅಂತ ಇವತ್ತೇ ನೋಡಿದ್ದು."

ಹಳೆಯ ಬಟ್ಟೆಯಿಂದಲೇ ಶುರು ಮಾಡಿ ಎನ್ನುವುದಕ್ಕೆ ಇನ್ನೊಂದು ಕಾರಣ ಭಯ. ದುಡ್ಡು ಕೊಟ್ಟು ತಂದ ಬಟ್ಟೆಗೆ ಕತ್ತರಿ ಇಡಲು ಕೈ ನಡುಗುತ್ತದೆ. ಹೇಗೂ ಮೂಲೆಗೆ ಹಾಕಿದ ಬಟ್ಟೆ ಹಾಳಾದರೆ ನೆಲ ಒರೆಸಲಾದರೂ ಆದೀತು.

ಅಳತೆಯ ಒಂದು ಲೆಕ್ಕವನ್ನು ಮಾತ್ರ ಎಲ್ಲರೂ ಬಾಯಿಪಾಠ ಮಾಡಿಕೊಳ್ಳಬೇಕು. ಕುರ್ತಾ ಎರಡು ಇಂಚು ಸಡಿಲ ಇದೆ ಎಂದುಕೊಳ್ಳಿ. ಎರಡು ಇಂಚನ್ನು ನಾಲ್ಕರಿಂದ ಭಾಗಿಸಿ, ಪ್ರತಿ ಪಕ್ಕದ ಹೊಲಿಗೆಯಿಂದ ಅರ್ಧ ಇಂಚು ಮಾತ್ರ ಒಳಗೆ ಹೊಲಿಯಬೇಕು. ಏಕೆಂದರೆ ಪಕ್ಕಗಳು ಎರಡು, ಒಂದೊಂದು ಪಕ್ಕದಲ್ಲೂ ಮುಂದಿನದು, ಹಿಂದಿನದು ಎಂದು ಎರಡು ಪದರ. ಈ ಲೆಕ್ಕ ಹೇಳಿಕೊಡುವ ಮೊದಲೇ ಒಬ್ಬರು ಮನೆಗೆ ಹೋಗಿ ಹೊಸ ಬುರ್ಖಾದ ಎರಡೂ ಪಕ್ಕ ಎರಡೆರಡು ಇಂಚು ಒಳಗೆ ಹೊಲಿದು, ಮಿಕ್ಕಿದ್ದನ್ನು ಕತ್ತರಿಸಿಯೂ ಬಿಟ್ಟರು. ಎಂಟು ಇಂಚು ಹೋಯಿತು. ಆ ಬುರ್ಖಾ ಈಗ ಅವರ ಹೈಸ್ಕೂಲಿನ ಮಗಳ ಮೈಮೇಲಿದೆ. ತಪ್ಪು ನಮ್ಮದೇ, ಮೊದಲು ಹೇಳಬೇಕಿತ್ತು. ಅಂದಿನಿಂದ ನಮ್ಮಲ್ಲಿ ಒಂದು ನಿಯಮ: ಮೊದಲು ಕೈಯಿಂದ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಬೇಕು, ಕೈ ಎತ್ತಿ, ಕೂತು, ರುಕೂ ಮಾಡಿ ನೋಡಬೇಕು, ಆಮೇಲೆ ಮಿಷನ್. ಒಂದು ಸಲ ಒಗೆದು ತೊಡುವವರೆಗೆ ಕತ್ತರಿ ಮುಟ್ಟಬಾರದು.

ಬುರ್ಖಾದ ಉದ್ದ ಕಡಿಮೆ ಮಾಡುವಾಗ ಚಪ್ಪಲಿ ಹಾಕಿಕೊಂಡು ನಿಲ್ಲಿ, ಬೇರೆಯವರು ನೆಲದಿಂದ ಮೇಲಕ್ಕೆ ಅಳೆದು ಸುತ್ತಲೂ ಗುರುತು ಹಾಕಲಿ. ಸೀಮೆಸುಣ್ಣ ಇಲ್ಲದಿದ್ದರೆ ಸವೆದ ಸೋಪಿನ ಚೂರು ಕಪ್ಪು ಬಟ್ಟೆಗೆ ಇನ್ನೂ ಒಳ್ಳೆಯದು. ಘೇರು ಹೆಚ್ಚಿದ್ದರೆ ಅಗಲ ಮಡಿಕೆ ಸುಕ್ಕು ಸುಕ್ಕಾಗುತ್ತದೆ, ಕಾಲಿಂಚಿನ ಸಣ್ಣ ಮಡಿಕೆಯೇ ಸರಿ. ಜಾರುವ ಬಟ್ಟೆಯ ಕೆಳಗೆ ಪೇಪರಿನ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಸೂಜಿ 11 ನಂಬರಿನದಿರಲಿ. ಸಾಧಾರಣ ಕಾಟನ್‌ಗೆ 14, ಜೀನ್ಸ್‌ಗೆ 16. ಟೀ ಶರ್ಟಿನಂತಹ ಹಿಗ್ಗುವ ಬಟ್ಟೆಗೆ ಹೊಸಬರು ಕೈ ಹಾಕದಿರುವುದೇ ಒಳ್ಳೆಯದು. ನೇರ ಹೊಲಿಗೆ ಒಂದೇ ಎಳೆತಕ್ಕೆ ಪಟಪಟ ಬಿಡುತ್ತದೆ.

ಮೊದಲ ಸ್ವಂತ ಕೆಲಸಕ್ಕೆ ನಾವು ಕೊಡುವುದು ಗಂಡಸರ ಹಳೆಯ ಲುಂಗಿ. ಮೂಟಿದ ಲುಂಗಿಯಾದರೆ ಮೊದಲು ಆ ಹೊಲಿಗೆ ಬಿಚ್ಚಿ. ಕೂತು ಕೂತು ಸವೆದ ಭಾಗವನ್ನು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ, ಅದನ್ನು ಬಿಟ್ಟು ಉಳಿದದ್ದರಲ್ಲಿ 18 ಇಂಚು ಅಗಲ, 62 ಇಂಚು ಉದ್ದದ ಪಟ್ಟಿ ತೆಗೆಯಿರಿ. ಇದು 17ಕ್ಕೆ 27 ಇಂಚಿನ ದಿಂಬಿಗೆ. ಎರಡೂ ತುದಿಗಳನ್ನು ಅರ್ಧ ಇಂಚಿನಂತೆ ಎರಡು ಸಲ ಮಡಚಿ ಹೊಲಿದರೆ ಉದ್ದ 60 ಉಳಿಯುತ್ತದೆ. ಬಟ್ಟೆಯ ಒಳ್ಳೆಯ ಮುಖ ಮೇಲೆ ಬರುವಂತೆ ಹಾಸಿ. ಒಂದು ತುದಿಯನ್ನು 27 ಇಂಚು ಮಡಚಿ ತಂದರೆ ಆಚೆ ಆರು ಇಂಚು ಉಳಿಯುತ್ತದೆ, ಅದನ್ನು ಇದರ ಮೇಲೆ ಮಡಚಿ. ಎರಡೂ ಪಕ್ಕ ಅರ್ಧ ಇಂಚು ಬಿಟ್ಟು ಹೊಲಿದು ತಿರುಗಿಸಿ. ಗುಂಡಿ, ಲಾಡಿ ಏನೂ ಬೇಡ, ದಿಂಬು ಹೊರಗೆ ಬರುವುದಿಲ್ಲ. ಎಲ್ಲವೂ ನೇರ ಹೊಲಿಗೆ. ಇದನ್ನು ಮಾಡಿ ಮುಗಿಸಿದವರ ಮುಖ ನೋಡಬೇಕು!

ಎರಡನೆಯದು ನಿಸ್ಕಾರದ ಮಕ್ಕನ. ಹಳೆ ಕಾಟನ್ ಸೀರೆ ಒಳ್ಳೆಯದು, ಆದರೆ ಬಟ್ಟೆಯ ಕೆಳಗೆ ಕೈ ಇಟ್ಟು ಬೆಳಕಿಗೆ ಹಿಡಿದಾಗ ಚರ್ಮದ ಬಣ್ಣ ಕಾಣುವುದಾದರೆ ಎರಡು ಪದರ ಮಾಡಬೇಕು. 45 ಇಂಚು ಉದ್ದ, 60 ಇಂಚು ಅಗಲದ ತುಂಡನ್ನು ಅಗಲದಲ್ಲಿ ನಡುವಿಗೆ ಮಡಚಿದರೆ ಮಡಿಕೆ ಬೆನ್ನಿಗೆ, ತೆರೆದ ಅಂಚು ಎದುರಿಗೆ ಬರುತ್ತದೆ. ತಲೆಯ ಮೇಲಿನ ಅಂಚನ್ನು ಪೂರ್ತಿ ಹೊಲಿಯಿರಿ. ಟೇಪನ್ನು ಗಲ್ಲದ ಕೆಳಗಿನಿಂದ ಹಣೆಯ ಮೇಲ್ಗಡೆ ಒಂದು ಸುತ್ತು ತಂದು, ಆ ಅಳತೆಯ ಅರ್ಧದಷ್ಟನ್ನು ಎದುರಿನ ಅಂಚಿನಲ್ಲಿ ಮುಖಕ್ಕೆ ಬಿಟ್ಟು, ಅದರ ಕೆಳಗೆ ಹೊಲಿಯುತ್ತಾ ಬನ್ನಿ.

ಸೀರೆಯ ಮಾತು ಬಂದದ್ದರಿಂದ ಒಂದು ವಿಷಯ. ಶ್ರೀರಂಗಪಟ್ಟಣ ತಾಲೂಕಿನ ಕೊಡಿಯಾಲ ನೇಕಾರರ ಊರು, ಪಾಂಡವಪುರ ತಾಲೂಕಿನ ಮೇಲುಕೋಟೆಯಲ್ಲಿ ಕೈಮಗ್ಗದ ಪಂಚೆಗೆ ಹೆಸರು. ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿಯ ಕೆಲಸ ಮಾಡಿಕೊಂಡು ಬಂದದ್ದೂ ಅಲ್ಲೇ. ನೇಯ್ದ ಹತ್ತಿ ಬಟ್ಟೆಯ ಅಂಚಿಗೆ ಕತ್ತರಿಯಿಂದ ಸ್ವಲ್ಪ ಕಚ್ಚಿ ಎಳೆದರೆ ನೂಲಿನ ಗುಂಟ ನೇರವಾಗಿ ಹರಿಯುತ್ತದೆ, ಸ್ಕೇಲೇ ಬೇಡ. ಇಂಥ ಬಟ್ಟೆ ಹಳತಾದಷ್ಟೂ ಮೃದು, ಕೂಸುಗಳ ಅಂಗಿಗೆ ಇದಕ್ಕಿಂತ ಒಳ್ಳೆಯದು ಬೇರಿಲ್ಲ. ಹಳೆಯದಕ್ಕೆ ಹೊಸ ಬಟ್ಟೆಯ ತೇಪೆಯೋ ಪಟ್ಟಿಯೋ ಸೇರಿಸುವುದಾದರೆ ಹೊಸದನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಹಳೆಯದು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ಆಗಿರುತ್ತದೆ. ಹೊಸದು ಮೊದಲ ಒಗೆತಕ್ಕೆ ಕುಗ್ಗಿ ಸುತ್ತಲಿನದನ್ನೂ ಎಳೆದುಕೊಳ್ಳುತ್ತದೆ.

ಗಂಡುಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವ ತಂದೆಯರಿದ್ದಾರೆ. ಪ್ರವಾದಿಯವರು (ಸ.ಅ.) ಮನೆಯಲ್ಲಿ ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಪಾದರಕ್ಷೆ ಸರಿಪಡಿಸಿಕೊಳ್ಳುತ್ತಿದ್ದರು ಎಂದು ಆಯಿಷಾ (ರ.ಅ.) ತಿಳಿಸಿದ್ದನ್ನು ನಾವು ತರಗತಿಯಲ್ಲಿ ಹುಡುಗರಿಗೂ ಹೇಳುತ್ತೇವೆ. ಹಾಗಾಗಿ ನಮ್ಮ ಮದ್ರಸದ ಹತ್ತು ದಾಟಿದ ಹುಡುಗರಿಗೆ ಗುಂಡಿ ಹಾಕಲು ಬರುತ್ತದೆ. ಗುಂಡಿಯ ಮೇಲೆ ಬೆಂಕಿಕಡ್ಡಿ ಅಡ್ಡ ಇಟ್ಟು ಹೊಲಿದು, ಕಡ್ಡಿ ತೆಗೆದು, ಸಡಿಲವಾದ ದಾರಕ್ಕೆ ಗುಂಡಿಯ ಬುಡದಲ್ಲಿ ಮೂರು ಸುತ್ತು ಸುತ್ತಿ ಗಂಟು. ಕಾಜಾದಲ್ಲಿ ಸಲೀಸಾಗಿ ಕೂರುತ್ತದೆ.

ಮಿಷನ್ ಬಗ್ಗೆ ಹಲವರು ಕೇಳುತ್ತಾರೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಉಪಕರಣಕ್ಕೆ 15,000 ರೂಪಾಯಿ ನೆರವು, ತರಬೇತಿ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಆಮೇಲೆ ಬೇಕಾದವರಿಗೆ ಸಾಲ. ಮನೆಯಲ್ಲಿ ಒಬ್ಬರಿಗೆ ಮಾತ್ರ. ಅರ್ಜಿ ಸಿಎಸ್‌ಸಿ ಕೇಂದ್ರದಲ್ಲಿ. ಸಾಲವಾದರೆ ಬಡ್ಡಿ ಇದೆ, ಆ ವಿಚಾರ ಮನೆಯಲ್ಲಿ ಕೂತು ಮಾತಾಡಿಯೇ ಮುಂದುವರಿಯಿರಿ. ಆದರೆ ಕೈಗೆ ಕೆಲಸ ಬರುವ ಮೊದಲು ಬಂದ ಮಿಷನ್ ಮೇಲೆ ಹೂವಿನ ಬಟ್ಟೆ ಹೊದಿಸಿ ಟಿವಿ ಇಟ್ಟ ಮನೆಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ದಿಂಬಿನ ಚೀಲ, ಮಕ್ಕನ, ಒಂದು ಬಿಚ್ಚಿ ಹೊಲಿದ ಕುರ್ತಾ ಇಷ್ಟಾದರೂ ಬೇರೆಯವರ ಮಿಷನ್‌ನಲ್ಲಿ ಮಾಡಿ ಆಮೇಲೆ ಅರ್ಜಿಗೆ ಹೊರಡಿ.

ಕಾಲರ್ ಸಹೋದರಿ ಈಗ ತನ್ನ ಬೀದಿಯ ಶಾಲಾ ಮಕ್ಕಳ ಯೂನಿಫಾರ್ಮ್ ಉದ್ದ ಬಿಡುವುದು, ಪಕ್ಕ ಹಿಡಿಯುವುದು ಮಾಡುತ್ತಾರೆ. ಟೈಲರುಗಳು ಬೇಡವೆಂದ ಕೆಲಸ. ಬಿಚ್ಚುವುದಕ್ಕೆ ಬೇರೆ, ಹೊಲಿಯುವುದಕ್ಕೆ ಬೇರೆ ಕೂಲಿ ಕೇಳುತ್ತಾರೆ, ಕೊಡುತ್ತಾರೆ ಕೂಡ. ರಮಝಾನ್‌ನಲ್ಲಿ ಬೇರೆಯವರಿಗೆ ಕೊಡಲೆಂದು ಜನ ತೆಗೆದಿಟ್ಟ ಬಟ್ಟೆಯ ಗಂಟುಗಳನ್ನು ಈ ಸಲ ನಮ್ಮ ಕ್ಲಾಸಿಗೇ ತರಿಸಿದ್ದೇವೆ. ಗುಂಡಿ ಇಲ್ಲದ, ಕಂಕುಳು ಬಿಟ್ಟ ಬಟ್ಟೆಯನ್ನು ಹಾಗೇ ಕೊಟ್ಟರೆ ಪಡೆದವರು ಮತ್ತೆ ಅದೇ ಟೈಲರ್ ಅಂಗಡಿಯ ಮುಂದೆ ನಿಲ್ಲಬೇಕಾಗುತ್ತದೆ. ಮುಂದಿನ ವಾರದಿಂದ ಬರುವವರು ಒಂದೊಂದು ಹಳೆ ಕುರ್ತಾ, ದಾರ, ಟೇಪು ತನ್ನಿ. ಬ್ಲೇಡನ್ನು ಮಾತ್ರ ಪೇಪರಿನಲ್ಲಿ ಸುತ್ತಿ ತನ್ನಿ, ಮಕ್ಕಳು ಓಡಾಡುವ ಜಾಗ.