ಶುಗರ್ ಸರಿಯಿತ್ತು, ಕಾಲು ಉರಿಯುತ್ತಿತ್ತು

ಪ್ರತಿ ಭಾನುವಾರ ಬೆಳಿಗ್ಗೆ ಗದಗಿನಿಂದ ನನ್ನ ಮೊಬೈಲಿಗೆ ಒಂದು ಫೋಟೊ ಬರುತ್ತದೆ. ಅಪ್ಪನ ಗ್ಲುಕೋಮೀಟರ್‌ನದು. ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ ನಾನೇ ಕೊಡಿಸಿದ ಮೀಟರ್ ಅದು. ಖಾಲಿ ಹೊಟ್ಟೆಯಲ್ಲಿ 118, 124, 115. ಅದನ್ನು ಎಕ್ಸೆಲ್ ಶೀಟಿಗೆ ತುಂಬಿ, ಒಂದು ಹೆಬ್ಬೆರಳಿನ ಗುರುತು ಕಳಿಸಿದರೆ ಆ ವಾರದ ಮಟ್ಟಿಗೆ ಮಗನ ಕರ್ತವ್ಯ ಮುಗಿಯಿತು. ಊರು ಬಿಟ್ಟು ಬಂದ ನಮ್ಮಲ್ಲಿ ಬಹಳ ಮಂದಿ ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು ಹೀಗೇ.

ಕಳೆದ ದಸರೆಗೆ ಊರಿಗೆ ಹೋದಾಗ ಅಪ್ಪ ಒಂದೇ ಚಪ್ಪಲಿಯಲ್ಲಿ ಕಟ್ಟೆಯ ಮೇಲೆ ನಿಂತಿದ್ದರು. ಇನ್ನೊಂದು ಓಣಿಯ ತಿರುವಿನಲ್ಲಿ ಬಿದ್ದಿತ್ತು. "ಕಾಲಾಗಿಂದ ಯಾವಾಗ ಜಾರಿತೋ ಗೊತ್ತಾಗಲಿಲ್ಲೋ" ಎಂದರು. ಉಳಿದದ್ದನ್ನು ಅವ್ವ ಹೇಳಿದಳು: "ಅಂಗಾಲು ಉರಿತಾವ ಅಂತ ರಾತ್ರಿ ಬಕೀಟಿನಾಗ ಕಾಲಿಟ್ಟು ಕುಂದರ್ತಾರ. ನಿನಗ ಹೇಳಬ್ಯಾಡ ಅಂದಿದ್ರು."

ಶುಗರ್ ಇದ್ದವರಿಗೆ ಕಾಲುರಿ ಇದ್ದದ್ದೇ ಎಂದು ಎಲ್ಲರೂ ತೀರ್ಮಾನಿಸಿ ಆಗಿತ್ತು. ಅಪ್ಪ, ಓಣಿಯವರು, ವರ್ಷಗಳಿಂದ ಅದೇ ಚೀಟಿಯನ್ನು ಮುಂದುವರಿಸುತ್ತಿದ್ದ ಡಾಕ್ಟರು, ಎಲ್ಲರೂ. ಹುಬ್ಬಳ್ಳಿಯಲ್ಲಿ ಬೇರೊಬ್ಬ ವೈದ್ಯರಿಗೆ ತೋರಿಸಿದಾಗ ಅವರು ಮೀಟರಿನ ಲೆಕ್ಕ ಕೇಳಲೇ ಇಲ್ಲ. "ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ?" ಎಂದರು. ಹನ್ನೊಂದು ವರ್ಷ, ದಿನಕ್ಕೆ 2 ಗ್ರಾಂ. "ಮೊಟ್ಟೆ, ಮಾಂಸ?" "ಇಲ್ಲರೀ." ರಕ್ತದಲ್ಲಿ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿದರು. 128 ಬಂತು. ಲ್ಯಾಬಿನ ಕೆಳಮಿತಿ 200. ಹನ್ನೊಂದು ವರ್ಷದಲ್ಲಿ ಈ ಪರೀಕ್ಷೆ ಆದದ್ದು ಅದೇ ಮೊದಲು.

ಮೆಟ್‌ಫಾರ್ಮಿನ್ ಕೆಟ್ಟ ಔಷಧವಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. 1957ರಿಂದ ಬಳಕೆಯಲ್ಲಿದೆ, ಅಗ್ಗ, ಇಂದಿಗೂ ಬಹಳ ಜನರಿಗೆ ಮೊದಲು ಬರೆದುಕೊಡುವ ಗುಳಿಗೆ ಅದೇ. ಆದರೆ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಬಿ12 ಹೀರಿಕೊಳ್ಳುವ ಕೆಲಸಕ್ಕೆ ಅದು ಅಡ್ಡಿಯಾಗುತ್ತದೆ. ವೈದ್ಯಲೋಕಕ್ಕೆ ಇದು 1970ರ ದಶಕದಿಂದಲೇ ಗೊತ್ತು. ಕಣ್ಣಿಗೆ ಬೀಳದಿರಲು ಕಾರಣ ನಮ್ಮ ಯಕೃತ್ತು. ಅದು ವರ್ಷಗಟ್ಟಲೆಗೆ ಸಾಲುವಷ್ಟು ಬಿ12 ಕೂಡಿಟ್ಟಿರುತ್ತದೆ. ಆ ಗಂಟು ಕರಗುವವರೆಗೆ ಏನೂ ತೋರುವುದಿಲ್ಲ. ಡೋಸ್ ಹೆಚ್ಚಿದಷ್ಟೂ ವರ್ಷ ಕಳೆದಷ್ಟೂ ಕೊರತೆಯ ಸಂಭವ ಹೆಚ್ಚು. ರೊಟ್ಟಿ, ಪಲ್ಯ, ಕಾಳಿನಲ್ಲಿ ಈ ವಿಟಮಿನ್ ಇಲ್ಲ. ಶುದ್ಧ ಸಸ್ಯಾಹಾರಿಗೆ ಹಾಲು, ಮೊಸರಿನಿಂದ ಬಂದಷ್ಟೇ. ಅಪ್ಪನ ಗಂಟು ಮೊದಲೇ ಸಣ್ಣದು.

ಕಷ್ಟ ಏನೆಂದರೆ, ಬಿ12 ಕಡಿಮೆಯಾದಾಗ ನರಗಳು ಸೊರಗಿ ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ. ಸಕ್ಕರೆ ಕಾಯಿಲೆ ನರಗಳನ್ನು ಕೆಡಿಸಿದಾಗಲೂ ಆಗುವುದು ಅದೇ. ನೋಡಿ ಹೇಳಲಾಗದು, ಎರಡೂ ಒಟ್ಟಿಗೆ ಇರಬಹುದು. ರಕ್ತಹೀನತೆ ಇಲ್ಲದೆಯೂ ನರಕ್ಕೆ ಪೆಟ್ಟು ಬೀಳಬಹುದು, ಹಾಗಾಗಿ ಹಿಮೋಗ್ಲೋಬಿನ್ ಚೆನ್ನಾಗಿದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಈ ಗುಳಿಗೆ ನುಂಗುವವರಿಗೆ ಆಗಾಗ ಬಿ12 ಪರೀಕ್ಷೆ ಮಾಡಿ ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್‌ನ ಮಾರ್ಗಸೂಚಿ ಹೇಳುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಕರೂ 2022ರಲ್ಲಿ ವೈದ್ಯರಿಗೆ ಇದನ್ನೇ ನೆನಪಿಸಿದರು.

ನನ್ನ ಹೊಟ್ಟೆಪಾಡು ಸರ್ವರ್‌ಗಳ ಮೇಲೆ ಕಣ್ಣಿಡುವುದು. ಒಂದೇ ಗ್ರಾಫ್ ಹಸಿರಾಗಿದೆ ಎಂದು ಡಿಸ್ಕ್ ತುಂಬುವುದನ್ನು ನೋಡದೆ ಕೂತಿದ್ದರೆ ಆಫೀಸಿನಲ್ಲಿ ನನ್ನನ್ನು ಬಿಡುತ್ತಿರಲಿಲ್ಲ. ಮನೆಯಲ್ಲಿ ಮಾಡಿದ್ದು ಅದನ್ನೇ.

ಆಮೇಲೆ ಅಪ್ಪನ ಉಳಿದ ಗುಳಿಗೆಗಳ ಬಗ್ಗೆಯೂ ಅದೇ ವೈದ್ಯರನ್ನು ಕೇಳಿದೆ. ಗ್ಲಿಮೆಪಿರೈಡ್ ನುಂಗಿ ಸೋಮವಾರದ ಉಪವಾಸ ಮಾಡಿದರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಬೆವರು, ಸಿಡುಕು, ತೊದಲು ಮಾತು ಕಂಡರೆ ಮನೆಯವರು ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ತರಹದವು ಇನ್ನೂ ಮೋಸ ಮಾಡುತ್ತವೆ. ಅಪರೂಪಕ್ಕೆ, ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಏರದಿದ್ದಾಗಲೇ ರಕ್ತ ಆಮ್ಲೀಯವಾಗಿ ವಾಂತಿ, ಏದುಸಿರು ಬಂದು ಜೀವಕ್ಕೆ ಕುತ್ತಾಗುತ್ತದೆ. ಶಸ್ತ್ರಚಿಕಿತ್ಸೆಗೆ 3 ದಿನ ಮೊದಲು ಅದನ್ನು ನಿಲ್ಲಿಸಬೇಕು ಎಂಬ ಸೂಚನೆ ಅದಕ್ಕೇ. ಮೆಟ್‌ಫಾರ್ಮಿನ್‌ಗೆ ಮೂತ್ರಪಿಂಡದ ಲೆಕ್ಕವೂ ಉಂಟು. ಅದರ ಸೋಸುವ ಶಕ್ತಿ, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕೆಳಗಿಳಿದರೆ ಗುಳಿಗೆ ಕೂಡದು. ಹಾಗಂತ ಯಾವುದನ್ನೂ ನಾವೇ ನಿಲ್ಲಿಸುವುದಲ್ಲ. ಅಪ್ಪನಿಗೆ ಮೆಟ್‌ಫಾರ್ಮಿನ್ ಈಗಲೂ ನಡೆದಿದೆ, ಜೊತೆಗೆ ಬಿ12.

ಔಷಧದ ಅಡ್ಡಪರಿಣಾಮವನ್ನು ರೋಗಿಯ ಮನೆಯವರೇ ಸರ್ಕಾರಕ್ಕೆ ತಿಳಿಸಬಹುದು ಎಂಬುದೂ ನನಗೆ ಆಗಲೇ ಗೊತ್ತಾದದ್ದು. 2010ರಲ್ಲಿ ಶುರುವಾದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಈಗ ಗಾಜಿಯಾಬಾದಿನಿಂದ ನಡೆಯುತ್ತದೆ. ಉಚಿತ ಕರೆಯ ಸಂಖ್ಯೆ 1800-180-3024.

ಇಂಜೆಕ್ಷನ್ ಶುರುವಾಗಿ ಆರು ತಿಂಗಳಾಯಿತು. ಉರಿ ಕಡಿಮೆಯಾಗಿದೆ, ಬಕೀಟು ಬಚ್ಚಲಿಗೆ ವಾಪಸಾಗಿದೆ. ಬೆರಳ ತುದಿಯ ಜೋಮು ಮಾತ್ರ ಹಾಗೇ ಇದೆ. ಬಹಳ ದಿನ ಸೊರಗಿದ ನರ ಪೂರ್ತಿ ಸರಿಹೋಗದೆಯೂ ಇರಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಎರಡು ವರ್ಷ ಮೊದಲೇ ಕೇಳಿದ್ದರೆ ಎಂಬ ಲೆಕ್ಕ ನನಗೆ ನಿದ್ದೆ ಬಾರದ ರಾತ್ರಿಗಳಲ್ಲಿ ಬರುತ್ತದೆ.

ಭಾನುವಾರದ ಫೋಟೊ ಈಗಲೂ ಬರುತ್ತದೆ. ನೋಡಿದ ಮೇಲೆ ಫೋನ್ ಮಾಡಿ, "ಕಾಲು ಹೆಂಗ ಅದಾವ, ಚಪ್ಪಲಿ ಜಾರತಾವೇನು?" ಎಂದು ಕೇಳುತ್ತೇನೆ.

"ಇಲ್ಲೋ" ಎಂದರು ಅಪ್ಪ ಮೊನ್ನೆ. "ಬೆಲ್ಟಿಂದ ತಗೊಂಡೀನಿ."